ಹಳೆಯ ಸ್ಪೆಕ್ಟ್ರಮ್‌ಗೆ ಬದಲಿ ಚಿಪ್ ಹುಡುಕುವುದು ಹೇಗೆ?

ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ತಂದ ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕೆಟ್ಟು ಕೂತಿದೆಯಾ? ಮೊದಲ ಅನುಮಾನ ಮೆಮೊರಿ ಚಿಪ್‌ಗಳ ಮೇಲೆ. ಅದರಲ್ಲಿರುವ 4116 ಚಿಪ್ ಈಗ ಯಾರೂ ತಯಾರಿಸುವುದಿಲ್ಲ. ಆದರೆ ಅದರ ಜಾಗದಲ್ಲಿ ಕೂರಬಲ್ಲದ್ದು ಇದೆ.

ಮೊದಲು ನಂಬರ್ ಓದಿ. ಚಿಪ್ ಮೇಲೆ 8247 ಅಂತ ಇದ್ದರೆ ಅದು ಸಾಮಾನ್ಯವಾಗಿ ತಯಾರಾದ ಸಮಯ, 1982ರ 47ನೇ ವಾರ. ಅದನ್ನೇ ಹೇಳಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಪೇಚಾಟ. ಎಸ್‌ಎನ್, ಎಚ್‌ಡಿ ಇತ್ಯಾದಿ ತಯಾರಕರ ಗುರುತು, ಯಾರದಾದರೂ ನಡೆಯುತ್ತದೆ. ಮೆಮೊರಿಗೆ ವಿಳಾಸ ಆರಿಸಿಕೊಡುವ 74ಎಲ್‌ಎಸ್157 ಚಿಪ್‌ನಲ್ಲಿ ಕೊನೆಯ 157 ಮಾತ್ರ ಬದಲಾಗಬಾರದು. 158 ತಂದು ಹಾಕಿದರೆ ಕಾಲುಗಳೆಲ್ಲ ಸರಿಯಾಗಿಯೇ ಕೂರುತ್ತವೆ, ಔಟ್‌ಪುಟ್ ಮಾತ್ರ ತಿರುಗುಮುರುಗು!

ಹೊಸ ಚಿಪ್ ಹಾಕುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. 4116ಕ್ಕೆ ಮೂರು ವೋಲ್ಟೇಜ್ ಬೇಕು: 1ನೇ ಕಾಲಿಗೆ ಮೈನಸ್ 5, 8ಕ್ಕೆ 12, 9ಕ್ಕೆ 5. ಮೈನಸ್ 5 ಬರದಿದ್ದರೆ ಚಿಪ್ ಸುಟ್ಟುಹೋಗುತ್ತದೆ. ಆಗ ಬೋರ್ಡಿನ ವೋಲ್ಟೇಜ್ ತಯಾರಿಸುವ ಭಾಗದ ಟಿಆರ್4, ಟಿಆರ್5 ಟ್ರಾನ್ಸಿಸ್ಟರ್‌ಗಳನ್ನು ನೋಡಿ. ಅದನ್ನು ಸರಿಮಾಡದೆ ಹೊಸ ಚಿಪ್ ಹಾಕಿದರೆ ಅದೂ ಹೋಯಿತು ಅಂತಲೇ ಲೆಕ್ಕ.

ಬದಲಿಗೆ 4164 ಹಾಕಬಹುದು. ಇದಕ್ಕೆ 5 ವೋಲ್ಟ್ ಒಂದೇ ಸಾಕು. ಆದರೆ ಹಾಗೇ ಚುಚ್ಚಬೇಡಿ, 8ನೇ ಕಾಲಿಗೆ 12 ವೋಲ್ಟ್ ಬಡಿಯುತ್ತದೆ. 1 ಮತ್ತು 8ನೇ ಕಾಲುಗಳನ್ನು ಮೇಲಕ್ಕೆ ಬಾಗಿಸಿ. 1 ಹಾಗೇ ಖಾಲಿ ಇರಲಿ. 8ಕ್ಕೆ ಎದುರುಗಡೆಯ 9ರಿಂದ ಒಂದು ಸಣ್ಣ ತಂತಿ ಎಳೆಯಿರಿ. 4164ರಲ್ಲಿ 9 ಅಂದರೆ ಒಂದು ವಿಳಾಸದ ಕಾಲು. ಅದು 5 ವೋಲ್ಟಿನಲ್ಲೇ ನಿಂತಿರುವುದರಿಂದ ಮೆಮೊರಿಯ ನಾಲ್ಕನೇ ಒಂದು ಭಾಗವಷ್ಟೇ ಬಳಕೆಯಾಗುತ್ತದೆ. ನಮಗೆ ಬೇಕಿರುವುದೂ ಅಷ್ಟೇ ಅಲ್ವಾ?

ವೇಗದಲ್ಲಿ ನಂಬರ್ ಕಡಿಮೆಯಿದ್ದಷ್ಟೂ ಒಳ್ಳೆಯದು. 150 ನ್ಯಾನೋಸೆಕೆಂಡಿನ ಜಾಗಕ್ಕೆ 120 ಬರಬಹುದು, 200 ಬೇಡ.

74 ಸರಣಿಯ ಚಿಪ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿ. ಹೆಸರಿನ ನಡುವೆ ಎಲ್‌ಎಸ್ ಇರುವುದು ಸಿಗದಿದ್ದರೆ ಎಚ್‌ಸಿಟಿ ಇರುವುದನ್ನು ಕೇಳಿ, ಬರೀ ಎಚ್‌ಸಿ ಅಲ್ಲ. ಎಲ್‌ಎಸ್ ಕೊಡುವ 2.7 ವೋಲ್ಟನ್ನು ಎಚ್‌ಸಿಟಿ ‘ಒಂದು’ ಅಂತ ಓದುತ್ತದೆ. ಎಚ್‌ಸಿಗೆ ಸುಮಾರು 3.5 ಬೇಕು. ಹಳೆಯ ಸೋವಿಯತ್ ಚಿಪ್‌ಗಳೂ ನಡೆಯುತ್ತವೆ, ಕೆ555 ಅಂದರೆ ಅವರ 74ಎಲ್‌ಎಸ್.

ಮೇಲಿನ ಅಕ್ಷರ ತೀರಾ ಹೊಸದಾಗಿ ಹೊಳೆಯುತ್ತಿದ್ದರೆ ಅಸಿಟೋನ್ ಹಚ್ಚಿ ಉಜ್ಜಿ. ಕಪ್ಪು ಬಣ್ಣ ಎದ್ದು ಬಂದರೆ ಅದು ಹಳೆಯದಕ್ಕೆ ಹೊಸ ಹೆಸರು ಬರೆದ ಮಾಲು, ವಾಪಸ್ ಕೊಡಿ.

ಚಿತ್ರ, ಸದ್ದು, ಕೀಬೋರ್ಡ್ ನೋಡಿಕೊಳ್ಳುವ ಯುಎಲ್‌ಎ ಎಂಬ ಚಿಪ್ ಕೆಟ್ಟಿದ್ದರೆ ಮಾತ್ರ ಈ ಅದಲುಬದಲು ನಡೆಯುವುದಿಲ್ಲ. ಅದನ್ನು ಫೆರಾಂಟಿ ಕಂಪನಿ ಸಿಂಕ್ಲೇರ್‌ಗೆಂದೇ ಮಾಡಿಕೊಟ್ಟಿತ್ತು. ಇನ್ನೊಂದು ಸ್ಪೆಕ್ಟ್ರಮ್‌ನಿಂದ ಕಿತ್ತು ತರಬೇಕು, ಇಲ್ಲವೇ ಹವ್ಯಾಸಿಗಳು ಈಗ ಮಾಡುವ ಬದಲಿ ಬೋರ್ಡ್ ತರಿಸಬೇಕು.