ಪೈಥಾನ್‌ನಲ್ಲಿ ಎಕ್ಸ್‌ಎಂಎಲ್ ಓದಲು ಯಾವ ಲೈಬ್ರರಿ?

ಮುಂಬೈನ ಮಾಟುಂಗಾದ ಕೆಲವು ಉಡುಪಿ ಹೋಟೆಲುಗಳ ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಬಿಲ್ಲುಗಳು ಬರುವುದು ಎಕ್ಸ್‌ಎಂಎಲ್ ಕಡತಗಳಾಗಿ, ಅಂದರೆ ಪ್ರತಿ ಮಾಹಿತಿಗೂ ಹೆಸರಿನ ಟ್ಯಾಗ್ ಸುತ್ತಿದ ಪಠ್ಯವಾಗಿ. ಯಜಮಾನರಿಗೆ ಬೇಕಾದದ್ದು ಎಕ್ಸೆಲ್.

ಮೊದಲು ಎಲಿಮೆಂಟ್‌ಟ್ರೀ ಎಂಬ ಲೈಬ್ರರಿ ಹಿಡಿಯಿರಿ. 2006ರ ಪೈಥಾನ್ 2.5ರಿಂದಲೂ ಅದು ಭಾಷೆಯ ಜೊತೆಗೇ ಬರುತ್ತದೆ, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ದಿನದ ಬಿಲ್ಲಿಗೆ ಧಾರಾಳ. ಮಿನಿಡಾಮ್ ಎಂಬ ಇನ್ನೊಂದೂ ಜೊತೆಗಿದೆ. ಮೆಮೊರಿ ತಿನ್ನುತ್ತದೆ, ಬಿಡಿ.

ಇಡೀ ವರ್ಷದ ಕಡತವಾದರೆ, ಎಲಿಮೆಂಟ್‌ಟ್ರೀಯಲ್ಲೇ, ಎಲ್ಲವನ್ನೂ ಒಮ್ಮೆಲೇ ಓದುವ ಪಾರ್ಸ್ ಬದಲು ಇಟರ್‌ಪಾರ್ಸ್ ಬಳಸಿ. ಒಂದೊಂದೇ ವೋಚರ್, ಅಂದರೆ ಒಂದೊಂದೇ ಬಿಲ್ಲಿನ ನಮೂದು, ಕೈಗೆ ಸಿಗುತ್ತದೆ. ಮೊತ್ತ ತೆಗೆದುಕೊಂಡ ಕೂಡಲೇ ಅದರ ಮೇಲೆ ಕ್ಲಿಯರ್ ಕರೆಯಿರಿ. ಇಲ್ಲದಿದ್ದರೆ ಉಂಡೆದ್ದವರ ಎಲೆ ತೆಗೆಯದೆ ಮುಂದಿನ ಪಂಕ್ತಿ ಕೂರಿಸಿದ ಹಾಗೆ, ಮೆಮೊರಿ ತುಂಬುತ್ತಲೇ ಹೋಗುತ್ತದೆ.

ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಾದ ಎಲ್‌ಎಕ್ಸ್‌ಎಂಎಲ್ ಲೈಬ್ರರಿ ಯಾವಾಗ? ಕಡತದೊಳಗೆ ಬೇಕಾದದ್ದನ್ನು ಹುಡುಕುವ ಭಾಷೆಯಾದ ಎಕ್ಸ್‌ಪಾತ್ ಎಲಿಮೆಂಟ್‌ಟ್ರೀಗೆ ಸ್ವಲ್ಪವೇ ಗೊತ್ತು, ಇದಕ್ಕೆ ಎಕ್ಸ್‌ಪಾತ್ 1.0 ಪೂರ್ತಿ ಗೊತ್ತು. ಕಡತ ಹೇಗಿರಬೇಕೆಂಬ ನಿಯಮಪಟ್ಟಿಯಾದ ಸ್ಕೀಮಾಕ್ಕೆ ತಾಳೆ ನೋಡುವುದೂ ಇದರಲ್ಲೇ. ಇನ್ನೊಂದು ಕಾರಣ ಕೆಟ್ಟ ಕಡತ. ಕೆಲವು ಲೆಕ್ಕದ ಸಾಫ್ಟ್‌ವೇರ್‌ಗಳು ಎಕ್ಸ್‌ಎಂಎಲ್ 1.0 ಒಪ್ಪದ ನಿಯಂತ್ರಣ ಅಕ್ಷರಗಳನ್ನು, ಸಂಕೇತ 4ರಂಥವನ್ನು, ಮಧ್ಯೆ ತುರುಕುತ್ತವೆ. ಎಲಿಮೆಂಟ್‌ಟ್ರೀ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಎಲ್‌ಎಕ್ಸ್‌ಎಂಎಲ್‌ನಲ್ಲಿ ರಿಕವರ್ ಆಯ್ಕೆ ಕೊಟ್ಟರೆ ದಾಟಿಕೊಂಡು ಹೋಗುತ್ತದೆ, ಆದರೆ ದಾಟುವಾಗ ಏನನ್ನು ಬಿಟ್ಟಿತೆಂದು ಕೂಗಿ ಹೇಳುವುದಿಲ್ಲ. ದುಡ್ಡಿನ ವಿಷಯದಲ್ಲಿ ನನಗದು ಸರಿಬರುವುದಿಲ್ಲ. ಆ ಅಕ್ಷರಗಳನ್ನು ನಾನೇ ಮೊದಲು ತೆಗೆದು, ಆಮೇಲೆ ಕಟ್ಟುನಿಟ್ಟಾಗಿಯೇ ಓದಿಸುತ್ತೇನೆ. ವೋಚರ್‌ಗಳ ಎಣಿಕೆಯನ್ನೂ ತಾಳೆ ನೋಡುತ್ತೇನೆ.

ಗುರುತಿಲ್ಲದವರು ಕಳಿಸಿದ ಕಡತವೇ? ಎಂಟಿಟಿಗಳನ್ನು, ಅಂದರೆ ಉದ್ದ ಪಠ್ಯಕ್ಕೆ ಬದಲಾಗಿ ಬರೆಯುವ ಗಿಡ್ಡ ಹೆಸರುಗಳನ್ನು, ಒಂದರೊಳಗೊಂದು ಹಿಗ್ಗಿಸಿ ಮೆಮೊರಿ ಮುಳುಗಿಸುವ ಕಿಡಿಗೇಡಿತನ ಹಳೆಯದು. ಇದನ್ನು ತಡೆಯುವ ಡಿಫ್ಯೂಸ್ಡ್‌ಎಕ್ಸ್‌ಎಂಎಲ್ ಲೈಬ್ರರಿ ಹಾಕಿಕೊಂಡೇ ತೆರೆಯಿರಿ.