ಎರಡು ಮಿಲಿಗ್ರಾಂ ಪುಡಿಯ ಹಿಂದೆ: ಬ್ಯಾಟರಿ ಸಂಶೋಧನೆಯ ನನ್ನ ಅನುಭವ

ನಾನು ಬ್ಯಾಟರಿ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ನೆಂಟರು ಕೇಳುವುದು ಮಂಡ್ಯದಲ್ಲಿ ಪತ್ತೆಯಾದ ಲಿಥಿಯಂ ಏನಾಯ್ತು ಅಂತ. ಅಲ್ಲಿ ಅಂದಾಜು ಮಾಡಿದ್ದು 1,600 ಟನ್. ಅದನ್ನು ಬಂಡೆಯಿಂದ ಬಿಡಿಸಿ ಬ್ಯಾಟರಿಗೆ ತರುವ ಕಥೆ ಬೇರೆಯೇ ಇದೆ. ನಾನಂತೂ ಲಿಥಿಯಂ ತಂಟೆಗೆ ಹೋಗಲಿಲ್ಲ. ಹಿಡಿದದ್ದು ಸೋಡಿಯಂ. ಸೋಡಿಯಂ ಸಿಗುವ ಉಪ್ಪಿಗೆ ಬರವಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಕಾರಣ. ನನಗೆ ಹಿಡಿಸಿದ ಕಾರಣ ಇನ್ನೊಂದಿದೆ. ಲಿಥಿಯಂ ಸೆಲ್‌ನಲ್ಲಿ ಆನೋಡ್ (ಋಣ ಧ್ರುವ) ಕಡೆ ವಿದ್ಯುತ್ ಸಾಗಿಸಲು ತಾಮ್ರದ ಹಾಳೆಯೇ ಬೇಕು, ಏಕೆಂದರೆ ಲಿಥಿಯಂ ಅಲ್ಯೂಮಿನಿಯಂ ಜೊತೆ ಬೆರೆತು ಹಾಳೆಯನ್ನು ಹಾಳು ಮಾಡುತ್ತದೆ. ಸೋಡಿಯಂ ಹಾಗೆ ಬೆರೆಯುವುದಿಲ್ಲ. ಎರಡೂ ಕಡೆ ಅಗ್ಗದ ಅಲ್ಯೂಮಿನಿಯಂ ನಡೆಯುತ್ತದೆ.

ಓದಿನ ದಾರಿಯಲ್ಲಿ ವಿಶೇಷವೇನೂ ಇಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ನೆಟ್ ಪರೀಕ್ಷೆ, ಜೆಆರ್‌ಎಫ್ ಫೆಲೋಶಿಪ್, ಬೆಂಗಳೂರಿನಲ್ಲಿ ಪಿಎಚ್.ಡಿ. ಗೈಡ್ ಕೊಟ್ಟ ವಸ್ತು ಸೋಡಿಯಂ ವೆನೇಡಿಯಂ ಫಾಸ್ಫೇಟ್, ಸೆಲ್‌ನ ಧನ ಧ್ರುವಕ್ಕೆ ಬಳಸುವ ಪುಡಿ. ಇದು ನಾಸಿಕಾನ್ ಎಂಬ ಗುಂಪಿಗೆ ಸೇರಿದ್ದು. ಒಳಗೆ ಸೋಡಿಯಂ ಅಯಾನು ಸಲೀಸಾಗಿ ಓಡಾಡಲು ಜಾಗವಿರುವ ಈ ರಚನೆಯ ಬಗ್ಗೆ 1976ರಲ್ಲೇ ಬರೆದವರಲ್ಲಿ ಜಾನ್ ಗುಡ್‌ಇನಫ್ ಒಬ್ಬರು. ಅವರಿಗೆ 2019ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಕೆಲಸಕ್ಕೆ ನೊಬೆಲ್ ಬಂದಾಗ ವಯಸ್ಸು 97. ನಮ್ಮ ಲ್ಯಾಬಿನಲ್ಲಿ ಪೇಪರ್ ತಡವಾದಾಗಲೆಲ್ಲ ಇದನ್ನೇ ಹೇಳಿಕೊಂಡು ನಗುತ್ತಿದ್ದೆವು.

ವಸ್ತು ತಯಾರಿಸುವುದು ಖುಷಿಯ ಕೆಲಸ. ವೆನೇಡಿಯಂ ಆಕ್ಸೈಡ್ ಕಿತ್ತಳೆ ಹಳದಿ ಪುಡಿ. ಆಕ್ಸಾಲಿಕ್ ಆಮ್ಲದ ಜೊತೆ ಬಿಸಿನೀರಿನಲ್ಲಿ ಕಲಕುತ್ತಾ ಹೋದರೆ ಬಣ್ಣ ಹಸಿರಿಗೆ ತಿರುಗಿ, ಕೊನೆಗೆ ಕಡು ನೀಲಿಯಾಗುತ್ತದೆ. ಅದಕ್ಕೆ ಸೋಡಿಯಂ ಫಾಸ್ಫೇಟ್ ಹಾಕಿ, ಒಣಗಿಸಿ, ಅರೆದು, ಆರ್ಗಾನ್ ತುಂಬಿದ ಕುಲುಮೆಯಲ್ಲಿ 750-800 ಡಿಗ್ರಿಗೆ ಸುಟ್ಟರೆ ಕಪ್ಪು ಪುಡಿ ಸಿಗುತ್ತದೆ. ಕಪ್ಪು ಬಣ್ಣ ಕಾರ್ಬನ್‌ನದು. ಅದಿಲ್ಲದಿದ್ದರೆ ಈ ಫಾಸ್ಫೇಟ್‌ನಲ್ಲಿ ಎಲೆಕ್ಟ್ರಾನ್ ಹರಿಯುವುದೇ ಕಷ್ಟ.

ಈ ಪುಡಿಗೆ ಕಾರ್ಬನ್ ಬ್ಲ್ಯಾಕ್ ಮತ್ತು ಬೈಂಡರ್ (ಅಂಟು) ಬೆರೆಸಿ, ದ್ರಾವಕ ಹಾಕಿ ಹಿಟ್ಟಿನಂಥ ಸ್ಲರಿ ಮಾಡುತ್ತೇವೆ. ಹದ ತೆಳುವಾದರೆ ಹಾಳೆಯ ಮೇಲೆ ಹರಿದು ಹೋಗುತ್ತದೆ, ಗಟ್ಟಿಯಾದರೆ ಗೀರು ಬೀಳುತ್ತದೆ. ಬಳಿದು ಒಣಗಿಸಿದ ಮೇಲೆ 12 ಮಿಲಿಮೀಟರ್ ಅಗಲದ ಬಿಲ್ಲೆ ಕತ್ತರಿಸಬೇಕು. ಇನ್ನು ತೂಕ. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. 15 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಬಿಲ್ಲೆಯೇ ಸುಮಾರು 4.6 ಮಿಲಿಗ್ರಾಂ ತೂಗುತ್ತದೆ. ಅದರ ಮೇಲಿರುವ ನಮ್ಮ ವಸ್ತು ಬರೀ ಎರಡು ಮಿಲಿಗ್ರಾಂ. ತೂಕದಲ್ಲಿ 0.1 ಮಿಲಿಗ್ರಾಂ ಹೆಚ್ಚುಕಮ್ಮಿಯಾದರೆ ಸಾಮರ್ಥ್ಯದ ಲೆಕ್ಕ ಶೇಕಡಾ 5ರಷ್ಟು ತಪ್ಪುತ್ತದೆ. ಈ ವಸ್ತುವಿನ ಗರಿಷ್ಠ ಸಾಮರ್ಥ್ಯ ಗ್ರಾಂಗೆ ಸುಮಾರು 117 ಮಿಲಿಆಂಪಿಯರ್-ಗಂಟೆ. ಯಾರಾದರೂ 125 ಬಂತು ಅಂತ ಓಡಿಬಂದರೆ ನಾನು ಅಭಿನಂದಿಸುವುದಿಲ್ಲ, ತಕ್ಕಡಿ ನೋಡುತ್ತೇನೆ.

ಸೆಲ್ ಕಟ್ಟುವುದು ಗ್ಲೋವ್ ಬಾಕ್ಸ್ ಒಳಗೆ, ಅಂದರೆ ಹೊರಗಾಳಿ ನುಗ್ಗದ, ಕೈಗವಸು ಜೋಡಿಸಿದ ಪೆಟ್ಟಿಗೆಯಲ್ಲಿ. ಅಲ್ಲಿ ತೇವಾಂಶ, ಆಮ್ಲಜನಕ ಎರಡೂ ಹತ್ತು ಲಕ್ಷಕ್ಕೆ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಎಣ್ಣೆಯಲ್ಲಿಟ್ಟ ಸೋಡಿಯಂ ಗಟ್ಟಿಯನ್ನು ಒರೆಸಿ, ಹೊರಪದರ ಕತ್ತರಿಸಿ ತೆಗೆದರೆ ಒಳಗೆ ಬೆಳ್ಳಿಯ ಹೊಳಪು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಲಟ್ಟಿಸಬೇಕು, ಇಲ್ಲದಿದ್ದರೆ ಕೈಗವಸಿಗೆ ಅಂಟಿಕೊಂಡು ಪ್ರಾಣ ತಿನ್ನುತ್ತದೆ.

ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಒಂದು ಗಂಟೆ ಚಾರ್ಜ್, ಒಂದು ಗಂಟೆ ಡಿಸ್ಚಾರ್ಜ್ ಅಂದರೂ 500 ಸೈಕಲ್‌ಗೆ ಸುಮಾರು 42 ದಿನ. ಅಷ್ಟೂ ದಿನ ಪರೀಕ್ಷೆ ಮಾಡುವ ಯಂತ್ರದ ಒಂದು ಚಾನೆಲ್ (ಸೆಲ್ ಜೋಡಿಸುವ ಜಾಗ) ಆ ಸೆಲ್‌ಗೇ ಮೀಸಲು. ಲ್ಯಾಬಿನಲ್ಲಿ ಜಗಳ ಆಗುತ್ತಿದ್ದದ್ದು ವಿಜ್ಞಾನಕ್ಕಲ್ಲ, ಚಾನೆಲ್‌ಗೆ!

ನನ್ನ ಪಿಎಚ್.ಡಿ. ನಿಜವಾಗಿ ಶುರುವಾದದ್ದು ಫುಲ್ ಸೆಲ್ ಮಾಡಲು ಹೊರಟಾಗ. ಅಲ್ಲಿಯವರೆಗೆ ಕಟ್ಟುತ್ತಿದ್ದ ಹಾಫ್ ಸೆಲ್‌ನಲ್ಲಿ ಎದುರುಗಡೆ ಸೋಡಿಯಂ ಲೋಹವೇ ಇರುತ್ತದೆ. ಕಳೆದುಹೋದಷ್ಟನ್ನು ಅದು ತುಂಬಿಕೊಡುತ್ತದೆ, ಹಾಗಾಗಿ ಗ್ರಾಫ್ ಚೆಂದ ಕಾಣುತ್ತದೆ. ಲೋಹದ ಬದಲು ಹಾರ್ಡ್ ಕಾರ್ಬನ್ (ಸೋಡಿಯಂ ಹಿಡಿದಿಡುವ ಒಂದು ಬಗೆಯ ಕಾರ್ಬನ್) ಹಾಕಿ ನೋಡಿ, ಅದೇ ಫುಲ್ ಸೆಲ್. ಮೊದಲ ಚಾರ್ಜ್‌ನಲ್ಲೇ ಒಂದಷ್ಟು ಸೋಡಿಯಂ ಕಾರ್ಬನ್ ಮೇಲಿನ ಪೊರೆಯಲ್ಲಿ ಸಿಕ್ಕಿಕೊಂಡು ವಾಪಸ್ ಬರುವುದಿಲ್ಲ. ಆಮೇಲೆ ಪ್ರತಿ ಸೈಕಲ್‌ನಲ್ಲೂ ಶೇಕಡಾ 99.9 ಮರಳಿ ಬಂತು ಅನ್ನಿ, ಕೇಳಲು ಚೆನ್ನಾಗಿದೆ ಅಲ್ವಾ? 500 ಸೈಕಲ್ ಮುಗಿಯುವಾಗ ಉಳಿಯುವುದು ಸುಮಾರು 60 ಮಾತ್ರ. 99.99 ಆದರೆ 95 ಉಳಿಯುತ್ತದೆ. ಆ ಒಂದು ದಶಾಂಶಕ್ಕಾಗಿಯೇ ನಾನು ಎಲೆಕ್ಟ್ರೋಲೈಟ್ (ಸೆಲ್ ಒಳಗೆ ಅಯಾನು ಓಡಾಡುವ ದ್ರಾವಣ) ಬದಲಿಸುತ್ತಾ ಕೂತದ್ದು.

ಈಗ ಕಂಪನಿಯೊಂದರಲ್ಲಿ ಪೌಚ್ ಸೆಲ್ (ಚಪ್ಪಟೆ ಚೀಲದಂಥ ಸೆಲ್) ಮಾಡುತ್ತೇನೆ. ಇಲ್ಲಿ ಚದರ ಸೆಂಟಿಮೀಟರ್‌ಗೆ ಎರಡು ಮಿಲಿಗ್ರಾಂ ಲೇಪನ ಯಾರಿಗೂ ಬೇಡ, ಹತ್ತಕ್ಕಿಂತ ಮೇಲೆ ಬೇಕು. ದಪ್ಪ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ, ಮಡಚಿದರೆ ಉದುರುತ್ತದೆ. ಲ್ಯಾಬಿನಲ್ಲಿ ಗೆದ್ದ ಎಷ್ಟೋ ವಸ್ತುಗಳು ಇಲ್ಲಿ ಸೋಲುವುದು ರಸಾಯನಶಾಸ್ತ್ರದಿಂದಲ್ಲ, ಲೇಪನದಿಂದ.

ಸಂದರ್ಶನಕ್ಕೆ ಬಂದವರ ಪೇಪರ್ ಎಷ್ಟು ಅಂತ ನಾನು ಜಾಸ್ತಿ ಕೇಳುವುದಿಲ್ಲ. ಲೋಡಿಂಗ್ (ಚದರ ಸೆಂಟಿಮೀಟರ್‌ಗೆ ವಸ್ತುವಿನ ತೂಕ) ಎಷ್ಟಿತ್ತು, ಫುಲ್ ಸೆಲ್ ಮಾಡಿದ್ದೀರಾ, ಅದೇ ಫಲಿತಾಂಶ ಎಷ್ಟು ಸೆಲ್‌ನಲ್ಲಿ ಬಂತು ಎಂದು ಕೇಳುತ್ತೇನೆ. ಭೌತಶಾಸ್ತ್ರ, ಮೆಟಲರ್ಜಿ, ಕೆಮಿಕಲ್ ಎಂಜಿನಿಯರಿಂಗ್ ಓದಿದವರೂ ಬರುತ್ತಾರೆ. ಎಲೆಕ್ಟ್ರೋಕೆಮಿಸ್ಟ್ರಿಯನ್ನು ಬಂದ ಮೇಲೆ ಕಲಿಯಬಹುದು.