ಪ್ರಾರ್ಥಿಸಲು ಆಗುವಷ್ಟು ನಿಧಾನವಾಗಿ ಓಡುವುದು ಹೇಗೆ

ಮನೆಯಲ್ಲಿ ರೋಗಿಯಿರುವಾಗ, ಕೆಲಸ ಕಳೆದುಕೊಂಡಾಗ, ಅಥವಾ ಆಪ್ತರೊಬ್ಬರನ್ನು ಮಣ್ಣು ಮಾಡಿ ಬಂದ ಮೇಲೆ, ಬೆಳಗಿನ ಹೊತ್ತು ಹಾಸಿಗೆ ಬಿಟ್ಟೇಳುವುದೇ ಒಂದು ದೊಡ್ಡ ಕೆಲಸವಾಗಿರುವಾಗ, ದೂರದ ಓಟವನ್ನು ಕೈಗೆತ್ತಿಕೊಂಡು ಅದರೊಳಗೆ ತಮ್ಮ ನಂಬಿಕೆಯನ್ನೂ ಉಳಿಸಿಕೊಳ್ಳಬೇಕೆನ್ನುವ ಕ್ರೈಸ್ತ ವಿಶ್ವಾಸಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓಡಲು ಆರಂಭಿಸಿದ್ದು ನನ್ನ 46ನೆಯ ವಯಸ್ಸಿನಲ್ಲಿ, ನನ್ನ ಹೆಂಡತಿಗೆ ಕ್ಯಾನ್ಸರ್ ಚಿಕಿತ್ಸೆ ಶುರುವಾದ ವರ್ಷ. ಚಿಕಿತ್ಸೆ ಹದಿನಾಲ್ಕು ತಿಂಗಳು ನಡೆಯಿತು, ಅವಳು ಉಳಿಯಲಿಲ್ಲ. ಮೊದಲ ಮೂರು ತಿಂಗಳು ನಾನು ಓಟವನ್ನು ಪೂರ್ತಿ ತಪ್ಪಾಗಿ ಮಾಡಿದೆನಾದ್ದರಿಂದ, ಇಲ್ಲಿ ಹೇಳುವ ಹೆಚ್ಚಿನ ಮಾತುಗಳು ಆ ತಪ್ಪಿನಿಂದಲೇ ಬಂದವು.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಸಿಟ್ಟಿನಿಂದ ಓಡುತ್ತಿದ್ದೆ. ಕೆರೆಯ ಒಂದು ಸುತ್ತು ಐದು ಕಿಲೋಮೀಟರಿನಷ್ಟಾಗುತ್ತದೆ. ಅರ್ಧ ಸುತ್ತಿನೊಳಗೆ ಏದುಸಿರು ಬಂದು, ಮೊಣಕಾಲ ಮೇಲೆ ಕೈಯೂರಿ ನಿಂತು, ಮತ್ತೆ ಹಲ್ಲು ಕಚ್ಚಿ ಓಡುವುದನ್ನೇ ನಾನು ತಾಳ್ಮೆಯೆಂದು ತಿಳಿದಿದ್ದೆ. ಹನ್ನೊಂದನೆಯ ವಾರ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತಾ ಆಸ್ಪತ್ರೆಯ ವಾರ್ಡಿಗೆ ಹೋದಾಗ ಅವಳು ಡ್ರಿಪ್ ಹಾಕಿದ ಕೈಯನ್ನು ಅಲುಗಿಸದೆ ನನ್ನ ಕಾಲನ್ನೇ ನೋಡಿ, "ರೀ, ಯಾರ ಮೇಲೆ ಕೋಪ ಮಾಡ್ಕೊಂಡು ಓಡ್ತೀರಿ? ಸ್ವಲ್ಪ ತಾಳಿ" ಎಂದಳು. ಕನ್ನಡದಲ್ಲಿ ತಾಳು ಎಂದರೆ ಸಹಿಸು ಎಂದೂ ಹೌದು, ನಿಲ್ಲು, ಕಾಯು ಎಂದೂ ಹೌದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ತಾಳ್ಮೆಗೆ ಬಳಸಿರುವ ಹುಪೊಮೊನೆ ಎಂಬ ಪದವನ್ನು ಬಿಡಿಸಿದರೂ 'ಕೆಳಗೆ ಉಳಿದಿರುವುದು' ಎಂಬ ಅರ್ಥವೇ ಸಿಗುತ್ತದೆ: ಭಾರದ ಕೆಳಗಿನಿಂದ ತಪ್ಪಿಸಿಕೊಂಡು ಓಡದೆ ಅಲ್ಲೇ ಇರುವುದು. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ನಮಗೆ ನೇಮಕವಾದ ಓಟವನ್ನು ಸ್ಥಿರಚಿತ್ತದಿಂದ ಓಡೋಣ ಎನ್ನುವಲ್ಲಿ ಇರುವುದೂ ಇದೇ ಪದ. ಅಲ್ಲಿ ವೇಗದ ಮಾತೇ ಇಲ್ಲ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ನಿಧಾನವಾಗುವುದು. ಅದಕ್ಕೂ ಮುಂಚೆ, ನಿಮಗೆ ನಲವತ್ತು ದಾಟಿದ್ದರೆ, ಅಥವಾ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದರೆ, ವೈದ್ಯರಿಗೆ ಒಮ್ಮೆ ತೋರಿಸಿಕೊಳ್ಳಿ. ಓಡುವಾಗ ಎದೆ ಬಿಗಿದರೆ ಅಥವಾ ತಲೆ ಸುತ್ತಿದರೆ ಅಲ್ಲೇ ನಿಂತು ಸಹಾಯ ಕೇಳಬೇಕು; ನಂಬಿಕೆಯ ಹೆಸರಿನಲ್ಲಿ ಅದನ್ನು ಕಡೆಗಣಿಸುವುದು ದೇವರನ್ನು ಪರೀಕ್ಷಿಸಿದಂತೆ ಎಂದೇ ನನ್ನ ಅಭಿಪ್ರಾಯ.

ವೇಗವನ್ನು ಅಳೆಯಲು ದುಬಾರಿ ಕೈಗಡಿಯಾರ ಬೇಕಿಲ್ಲ. ಕರ್ತನ ಪ್ರಾರ್ಥನೆ ಸಾಕು. ಓಡುತ್ತಲೇ ಅದನ್ನು ಗಟ್ಟಿಯಾಗಿ ಹೇಳಿ ನೋಡಿ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಸಾಲು ಒಂದೇ ಉಸಿರಿನಲ್ಲಿ, ನಡುವೆ ಮುರಿಯದೆ ಬಂದರೆ ನಿಮ್ಮ ಹೆಜ್ಜೆ ಸರಿಯಿದೆ. 'ಪರಲೋಕದಲ್ಲಿ' ಎನ್ನುವಷ್ಟರಲ್ಲೇ ಉಸಿರು ಕಟ್ಟಿದರೆ ನೀವು ವೇಗವಾಗಿ ಹೋಗುತ್ತಿದ್ದೀರಿ, ನಡಿಗೆಗೆ ಇಳಿಯಿರಿ. ಕಥೋಲಿಕರು 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಎಂದು ಶುರುಮಾಡಿದರೂ ಲೆಕ್ಕ ಬದಲಾಗುವುದಿಲ್ಲ. ತರಬೇತುದಾರರು ಇದನ್ನೇ ಮಾತಿನ ಪರೀಕ್ಷೆ ಎನ್ನುತ್ತಾರೆ: ಮಾತನಾಡಲು ಆಗುವಷ್ಟು ಸಲೀಸಾದ ಓಟದಲ್ಲಿ ದೇಹವು ಸಾಕಷ್ಟು ಆಮ್ಲಜನಕ ಪಡೆದು ಕೊಬ್ಬನ್ನೂ ಇಂಧನವಾಗಿ ಬಳಸುತ್ತದೆ, ಮತ್ತು ಹೃದಯಕ್ಕಿಂತ ತಡವಾಗಿ ಗಟ್ಟಿಯಾಗುವ ಸ್ನಾಯುರಜ್ಜು, ಮೂಳೆಗಳಿಗೆ ಸಮಯ ಸಿಗುತ್ತದೆ. ನನ್ನ ಮೀನಖಂಡಕ್ಕೆ ಆ ಸಮಯವನ್ನು ನಾನು ಕೊಟ್ಟಿರಲಿಲ್ಲ.

ಮೊದಲ ವಾರ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯಿರಿ. ಹೀಗೆ ಹತ್ತು ಸಲ ಮಾಡಿದರೆ ಅರ್ಧ ಗಂಟೆಯಾಗುತ್ತದೆ. ವಾರಕ್ಕೆ ಮೂರು ದಿನ ಸಾಕು, ಒಂದರ ಹಿಂದೆ ಒಂದು ದಿನ ಬೇಡ. ವಾರದಿಂದ ವಾರಕ್ಕೆ ಓಟದ ಪಾಲನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ ಎರಡು ಎರಡೂವರೆ ತಿಂಗಳಲ್ಲಿ ಹೆಚ್ಚಿನವರು ಅರ್ಧ ಗಂಟೆ ನಿಲ್ಲದೆ ಓಡಬಲ್ಲರು; ಇನ್ನೂ ಒಂದು ತಿಂಗಳು ಹಿಡಿದರೂ ನಾಚಿಕೆಯೇನಿಲ್ಲ. ಅಲ್ಲಿಂದ ಮುಂದೆ ವಾರಕ್ಕೊಂದು ದಿನ ದೀರ್ಘ ಓಟವಿರಲಿ. ಅದಕ್ಕೆ ವಾರಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ಸೇರಿಸಬೇಡಿ, ಪ್ರತಿ ನಾಲ್ಕನೆಯ ವಾರ ದೂರವನ್ನು ಇಳಿಸಿ. 21.1 ಕಿ.ಮೀ.ನ ಅರ್ಧ ಮ್ಯಾರಥಾನ್ ಗುರಿಯಾಗಿದ್ದರೆ ಅಭ್ಯಾಸದಲ್ಲಿ 18 ಕಿ.ಮೀ. ಮುಟ್ಟಿದರೆ ಸಾಕು.

ಶೂ ವಿಷಯದಲ್ಲಿ ಒಂದೇ ಮಾತು: ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಉಳಿಯುವ ಅಳತೆಯನ್ನೇ ಕೊಳ್ಳಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ.

ದೀರ್ಘ ಓಟದ ಒಂದೂವರೆ ಎರಡು ಗಂಟೆಗಳನ್ನು ಪ್ರಾರ್ಥನೆಯಿಂದ ತುಂಬುವುದು ಕೇಳಲು ಸುಲಭ, ಮಾಡಲು ಕಷ್ಟ. ನಾನು ಒಂದು ಕಿಲೋಮೀಟರಿಗೆ ಒಬ್ಬರಂತೆ ಹೆಸರು ಹಂಚಿಕೊಳ್ಳುತ್ತೇನೆ. ಮೊದಮೊದಲು ಎಡಗೈ ಮಣಿಕಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಹತ್ತು ಹೆಸರು ಬರೆದುಕೊಂಡು ಹೊರಟೆ. ಆರನೆಯ ಕಿಲೋಮೀಟರಿನ ಹೊತ್ತಿಗೆ ಬೆವರಿಳಿದು ನೀಲಿ ಕಲೆಯೊಂದು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಈಗ ಅಂಟುವ ಬಟ್ಟೆಯ ಪ್ಲಾಸ್ಟರಿನ ಮೇಲೆ ಬರೆದು ಕೈಗೆ ಸುತ್ತಿಕೊಳ್ಳುತ್ತೇನೆ. ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿ, ರಾತ್ರಿ ಪಾಳಿಯ ನರ್ಸ್, ನಮ್ಮ ಸಭೆಯ ಅಯ್ಯನವರು, ಮಗಳು, ಹೀಗೆ. ಜಗಳವಾಡಿ ಮಾತು ಬಿಟ್ಟವರೊಬ್ಬರ ಹೆಸರನ್ನು ಕೊನೆಯ ಕಿಲೋಮೀಟರಿಗೆ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ವಾದ ಮಾಡುವ ಶಕ್ತಿ ಉಳಿದಿರುವುದಿಲ್ಲ. ಹೆಸರುಗಳೂ ಬೇಡವೆನಿಸಿದಾಗ ಪೂರ್ವ ದೇಶಗಳ ಸಭೆಗಳಲ್ಲಿ ಶತಮಾನಗಳಿಂದ ನಡೆದುಬಂದಿರುವ ಯೇಸುವಿನ ಪ್ರಾರ್ಥನೆಯನ್ನು ಚಿಕ್ಕದು ಮಾಡಿ ಉಸಿರಿಗೆ ಜೋಡಿಸಬಹುದು: ಮೂರು ಹೆಜ್ಜೆಗೆ ಉಸಿರೆಳೆದುಕೊಳ್ಳುತ್ತಾ 'ಕರ್ತನೇ ಯೇಸುವೇ', ಮುಂದಿನ ಮೂರು ಹೆಜ್ಜೆಗೆ ಉಸಿರು ಬಿಡುತ್ತಾ 'ಕನಿಕರಿಸು'. ಏರು ಬಂದಾಗ ಮೂರು ಹೆಜ್ಜೆ ಎರಡಾಗುತ್ತದೆ, ಆಗಲಿ.

ದೇವರೊಂದಿಗೆ ಮಾತೇ ಬೇಡವೆನಿಸುವ ದಿನಗಳೂ ಬರುತ್ತವೆ. ಆಗ ಸ್ತುತಿಯ ಹಾಡನ್ನು ಬಲವಂತವಾಗಿ ಬಾಯಿಗೆ ತಂದುಕೊಳ್ಳುವ ಬದಲು ಗೋಳಿನ ಕೀರ್ತನೆಯೊಂದನ್ನು ಬಾಯಿಪಾಠ ಮಾಡಿಕೊಂಡು ಹೋಗಿ. 13ನೆಯ ಕೀರ್ತನೆ ಆರೇ ವಚನಗಳದ್ದು, ಅದು 'ಎಷ್ಟರವರೆಗೆ' ಎಂದು ದೇವರನ್ನು ಮತ್ತೆ ಮತ್ತೆ ಕೇಳುತ್ತದೆ. 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅಂಥದ್ದು ಸತ್ಯವೇದದಲ್ಲಿ ಉಳಿದುಕೊಂಡಿರುವುದೇ ಅವಳನ್ನು ಕಳೆದುಕೊಂಡ ಮೇಲಿನ ಆರು ತಿಂಗಳು ನನ್ನನ್ನು ಸಭೆಯೊಳಗೆ ಇರಿಸಿತು. ಯೆಶಾಯನ 40ನೆಯ ಅಧ್ಯಾಯದ ಕೊನೆಯ ವಚನವನ್ನು ಓಟಗಾರರು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿಕೊಳ್ಳುತ್ತಾರೆ, ಅದರಲ್ಲೂ ಹದ್ದಿನ ಚಿತ್ರದ ಸಮೇತ. ಆದರೆ ಆ ವಚನದ ಕ್ರಮವನ್ನು ಗಮನಿಸಿ: ಮೊದಲು ಹಾರುವುದು, ಆಮೇಲೆ ಓಡುವುದು, ಕೊನೆಗೆ ನಡೆಯುವುದು. ಕಷ್ಟದ ನಡುವೆ ಇರುವವನಿಗೆ ಬಳಲದೆ ನಡೆಯುವುದೇ ಎಲ್ಲಕ್ಕಿಂತ ದೊಡ್ಡ ವರವೆಂಬಂತೆ ಅದು ಕೊನೆಯಲ್ಲಿ ನಿಂತಿದೆ. ಓಡಲಾಗದ ದಿನ ಶೂ ಕಟ್ಟಿಕೊಂಡು ಬೀದಿಯ ತುದಿಯವರೆಗೆ ನಡೆದು ಬಂದರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ದಣಿವಿಗೆ ಎಲೀಯನ ಕಥೆಯಷ್ಟು ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಅರಸುಗಳ ಮೊದಲನೆಯ ಪುಸ್ತಕದ 18ನೆಯ ಅಧ್ಯಾಯದ ಕೊನೆಯಲ್ಲಿ ಅವನು ಕರ್ಮೆಲ್ ಬೆಟ್ಟದಿಂದ ಇಜ್ರೇಲಿನವರೆಗೆ, ಅಂದರೆ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿಯನ್ನು, ಅಹಾಬನ ರಥದ ಮುಂದೆ ಓಡುತ್ತಾನೆ. ಮುಂದಿನ ಅಧ್ಯಾಯದಲ್ಲಿ ಜೀವಭಯದಿಂದ ಅಡವಿಗೆ ಹೋಗಿ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ದೇವದೂತನು ಬಂದು ಅವನಿಗೆ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ಅವನು ತಿಂದು ಮತ್ತೆ ಮಲಗಲು ಬಿಟ್ಟನು, ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದನು. ಆಮೇಲೆಯೇ ಹೋರೇಬಿನ ನಲವತ್ತು ದಿನಗಳ ದಾರಿ. ನಿದ್ರೆ, ಊಟ, ಮತ್ತೆ ನಿದ್ರೆ, ಮತ್ತೆ ಊಟ: ರೋಗಿಯ ಪಕ್ಕದಲ್ಲಿ ರಾತ್ರಿಯಿಡೀ ಕೂತು ಬೆಳಿಗ್ಗೆ ಓಡಲು ಹೋಗುವುದು ಭಕ್ತಿಯಲ್ಲ, ಆ ದಿನ ಮಲಗಿ. ಕಠಿಣ ಉಪವಾಸದ ದಿನ ದೀರ್ಘ ಓಟ ಬೇಡ. ಹೊರಡುವ ಮುಂಚೆ ಒಂದು ಲೋಟ ತೆಳ್ಳಗಿನ ರಾಗಿ ಅಂಬಲಿ ಅಥವಾ ಒಂದು ಬಾಳೆಹಣ್ಣು ಸಾಕು. ಒಂದು ಗಂಟೆ ಮೀರಿದ ಓಟಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಜೊತೆಗೆ ಒಯ್ದು, ಬಾಯಾರಿದಂತೆ ಕುಡಿಯಿರಿ. ಮನಸ್ಸು ವಾರಗಟ್ಟಲೆ ಮೇಲೇಳದಿದ್ದರೆ, ಸಾವಿನ ಯೋಚನೆ ಬರುತ್ತಿದ್ದರೆ, ಓಟವೂ ಪ್ರಾರ್ಥನೆಯೂ ಇರಲಿ, ಆದರೆ ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ನಾನು ಅಯ್ಯನವರ ಮಾತಿಗೆ ಒಪ್ಪಿ ಆಪ್ತಸಮಾಲೋಚಕರ ಬಳಿ ಎಂಟು ಸಲ ಹೋದೆ.

ಇನ್ನು ಭಾನುವಾರದ ಪ್ರಶ್ನೆ. ನಮ್ಮಲ್ಲಿ ಓಟದ ಸ್ಪರ್ಧೆಗಳು ಬಹುಪಾಲು ಭಾನುವಾರ ಬೆಳಿಗ್ಗೆಯೇ, ಆರಾಧನೆಯ ಹೊತ್ತಿಗೇ ನಡೆಯುತ್ತವೆ. ಈ ಮಾತು ಬಂದಾಗಲೆಲ್ಲ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ನೆನಪಾಗುತ್ತಾರೆ: 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರಿನ ಪ್ರಾಥಮಿಕ ಸುತ್ತು ಭಾನುವಾರ ಬಂದದ್ದರಿಂದ ಅದನ್ನು ಬಿಟ್ಟು, 400 ಮೀಟರಿಗೆ ಅಭ್ಯಾಸ ಮಾಡಿ, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದವರು. ಆ ಕಥೆ ಸಾಮಾನ್ಯವಾಗಿ ಪದಕದೊಂದಿಗೆ ನಿಂತುಬಿಡುತ್ತದೆ. ಅವರ ದೀರ್ಘ ಓಟವಿದ್ದದ್ದು ಅದರ ನಂತರ. ಮಿಷನರಿಯಾಗಿ ಚೀನಾಕ್ಕೆ ಹೋದರು. ಯುದ್ಧಕಾಲದಲ್ಲಿ ಜಪಾನೀಯರು ಅವರನ್ನು ವೈಶಿಯನ್ ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ, ಆಟ ಆಡಿಸುತ್ತಾ ಇದ್ದು, 1945ರ ಫೆಬ್ರವರಿ 21ರಂದು ಮೆದುಳಿನ ಗೆಡ್ಡೆಯಿಂದ 43ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶಿಬಿರದ ಹುಡುಗರು ಭಾನುವಾರ ಹಾಕಿ ಆಡುತ್ತಾ ಹೊಡೆದಾಡಿಕೊಂಡಾಗ, ಒಲಿಂಪಿಕ್ಸಿಗೂ ಭಾನುವಾರ ಓಡದ ಅದೇ ಮನುಷ್ಯ ಭಾನುವಾರವೇ ಮೈದಾನಕ್ಕಿಳಿದು ತೀರ್ಪುಗಾರರಾದರು. ನಿಯಮವನ್ನು ಹಿಡಿದದ್ದೂ ಬಿಟ್ಟದ್ದೂ ಒಂದೇ ಪ್ರೀತಿಯಿಂದಲೇ ಎಂದು ನಾನು ಓದಿಕೊಳ್ಳುತ್ತೇನೆ. ನೀವು ನಿಮ್ಮ ಮನಸ್ಸಾಕ್ಷಿಯಂತೆ ನಡೆಯಿರಿ: ಸಂಜೆಯ ಆರಾಧನೆ ಇರುವ ಸಭೆಯನ್ನು ಮೊದಲೇ ವಿಚಾರಿಸಿಕೊಳ್ಳಬಹುದು, ಕಥೋಲಿಕರು ಶನಿವಾರ ಸಂಜೆಯ ಭಾನುವಾರದ ಪೂಜೆಗೆ ಹೋಗಬಹುದು, ಅಥವಾ ಸ್ಪರ್ಧೆಯನ್ನೇ ಬಿಟ್ಟು ಶನಿವಾರ ಒಬ್ಬರೇ 21 ಕಿ.ಮೀ. ಓಡಬಹುದು. ವರ್ಷಕ್ಕೊಂದು ಸ್ಪರ್ಧೆಗಿಂತ ಹೆಚ್ಚು ಬೇಡವೆಂಬುದು ನನ್ನ ಲೆಕ್ಕ.

ಸ್ಪರ್ಧೆಯ ದಿನ ಹೊಸ ಶೂ, ಹೊಸ ತಿಂಡಿ, ಹೊಸ ವೇಗ ಯಾವುದೂ ಬೇಡ. ಗುಂಪಿನ ಜೊತೆ ಮೊದಲ ಎರಡು ಕಿಲೋಮೀಟರ್ ಕಾಲು ತಾನೇ ಓಡಿಹೋಗುತ್ತದೆ; ಆಗಲೇ ಕರ್ತನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿ ನೋಡಿ, ಪಕ್ಕದವರು ತಿರುಗಿ ನೋಡಿದರೆ ನೋಡಲಿ. ಪೌಲನು ಒಂದೂವರೆ ವರ್ಷ ನೆಲೆಸಿದ್ದ ಕೊರಿಂಥದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ಇಸ್ತಮಿಯ ಕ್ರೀಡೆಗಳು ನಡೆಯುತ್ತಿದ್ದವು, ಗೆದ್ದವನ ತಲೆಗೆ ಪೈನ್ ಅಥವಾ ಸೆಲರಿ ಎಲೆಯ ಮಾಲೆ ಇಡುತ್ತಿದ್ದರು. ಬಾಡಿಹೋಗುವ ಜಯಮಾಲೆ ಎಂದು ಅವನು ಆ ಊರಿನವರಿಗೇ ಬರೆದಾಗ ಓದಿದವರ ಕಣ್ಣ ಮುಂದೆ ಆ ಒಣ ಎಲೆಗಳು ಬಂದಿರಬೇಕು. ನನಗೆ ಸಿಕ್ಕಿದ್ದು 2 ಗಂಟೆ 51 ನಿಮಿಷಕ್ಕೆ ಒಂದು ತಗಡಿನ ಪದಕ. ಹದಿನೇಳನೆಯ ಕಿಲೋಮೀಟರಿಗೆ ಬಂದಾಗ ಪ್ಲಾಸ್ಟರಿನ ಮೇಲೆ ಅವಳ ಹೆಸರಿತ್ತು. ಅಲ್ಲಿ ನಾನು ಓಡಲಿಲ್ಲ, ಆ ಒಂದು ಕಿಲೋಮೀಟರನ್ನು ಪೂರ್ತಿ ನಡೆದೆ.

ಮರುದಿನ ತೊಡೆಗಳು ಸೆಟೆದುಕೊಂಡು ಮೆಟ್ಟಿಲಿಳಿಯುವುದು ಕಷ್ಟವಾದರೆ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಿರಿ. ಇಪ್ಪತ್ತು ನಿಮಿಷ ನಡೆಯಿರಿ, ಒಂದು ವಾರ ಓಡಬೇಡಿ. ಕೆರೆಯ ಏರಿಯ ಮೇಲೆ ಕುಂಟುತ್ತಾ, ನೀರಿನಲ್ಲಿ ಹೆಜ್ಜಾರ್ಲೆಗಳು ತೇಲುವುದನ್ನು ನೋಡುತ್ತಾ ನಡೆಯುವಾಗ, ಮೂರು ಹೆಜ್ಜೆಗೆ ಉಸಿರೆಳೆದು ಮೂರು ಹೆಜ್ಜೆಗೆ ಬಿಡುವ ಆ ಪ್ರಾರ್ಥನೆ ನಡಿಗೆಗೂ ಸರಿಯಾಗಿ ಹೊಂದುತ್ತದೆ.